ಮಸ್ಕತ್‌ನಲ್ಲಿದ್ದುಕೊಂಡು ಜೆಬೆಲ್ ಶಮ್ಸ್ ಹತ್ತುವುದು: ಕಲಬುರಗಿ ಬಿಸಿಲಿನ ಅಭ್ಯಾಸ ಸಾಕೇ?

ಕಾಗಿಣಾ ದಂಡೆ

ಎಲ್ಲರಿಗೂ ಶರಣು. ನಾನು ಸೇಡಂ ತಾಲ್ಲೂಕಿನವನು. ಮಸ್ಕತ್‌ನ ರೂವಿಯಲ್ಲಿ ಲೆಕ್ಕಪತ್ರದ ಕೆಲಸ. ದಸರೆ ರಜೆಗೆ ಕಲಬುರಗಿಗೆ ಬಂದಿದ್ದೇನೆ, ಮುಂದಿನ ವಾರ ಹೈದರಾಬಾದ್‌ನಿಂದ ಮರಳಿ ಹೊರಡಬೇಕು. ಅಷ್ಟರೊಳಗೆ ಒಂದು ವಿಷಯ ತೀರ್ಮಾನವಾಗಬೇಕಿದೆ. ಒಮಾನಿನಲ್ಲಿ ಇದ್ದು ಬಂದವರೂ ಗುಡ್ಡ ಬಲ್ಲವರೂ ಇಲ್ಲಿ ಇರುವುದರಿಂದ ಕೇಳುತ್ತಿದ್ದೇನೆ.

ರೂವಿಯಲ್ಲಿ ಯಾವ ಬೀದಿಯ ತುದಿಗೆ ನಿಂತರೂ ಬೆಟ್ಟ ಕಾಣುತ್ತದೆ. ಮರವಿಲ್ಲ, ಹುಲ್ಲಿಲ್ಲ, ಬರೀ ಕಂದು ಕಲ್ಲು. ನಮ್ಮ ಕಡೆ ಕಣ್ಣು ಹಾಯುವಷ್ಟು ದೂರವೂ ತೊಗರಿ ಹೊಲ. ಎತ್ತರ ಎಂದರೆ ಗಣಿಯಿಂದ ತೆಗೆದು ಸುರಿದ ಮಣ್ಣಿನ ದಿಬ್ಬ. ಹೀಗಾಗಿ ಅಲ್ಲಿಗೆ ಹೋದಂದಿನಿಂದ ಆ ಬೆಟ್ಟಗಳ ಮೇಲೆ ಮನಸ್ಸು ನೆಟ್ಟಿದೆ. ಈ ಚಳಿಗಾಲದಲ್ಲಿ ಜೆಬೆಲ್ ಶಮ್ಸ್ ಹತ್ತಲೇಬೇಕು ಎಂದುಕೊಂಡಿದ್ದೇನೆ. ಸುಮಾರು 3,000 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ಕೇರಳದ ಆನೆಮುಡಿ 2,695 ಮೀಟರ್. ಅವೆರಡಕ್ಕಿಂತಲೂ ಎತ್ತರದ್ದು ನನ್ನ ಕೋಣೆಯಿಂದ ಮೂರೂವರೆ ಗಂಟೆಯ ದಾರಿಯಲ್ಲಿದೆ.

ಇದುವರೆಗೆ ಚಾರಣ ಮಾಡಿದವನಲ್ಲ. ಒಬ್ಬನೇ ಹೋಗಬಹುದೇ, ಮಾರ್ಗದರ್ಶಕರು ಬೇಕೇ? ಕೋಣೆಯ ಗೆಳೆಯರು, "ನೀನು ಕಲಬುರಗಿಯವನು, 43 ಡಿಗ್ರಿಯಲ್ಲಿ ಬೆಳೆದವನು, ನಿನಗೆ ಒಮಾನಿನ ಬಿಸಿಲು ಏನು ಮಾಡೀತು?" ಎನ್ನುತ್ತಾರೆ. ಅದು ನಿಜವೇ? ಮನೆಯಲ್ಲಿ ಅವ್ವನಿಗೆ ಮಾತ್ರ ಇದು ಸರಿ ಕಾಣುತ್ತಿಲ್ಲ.

ಹಳೆಯ ಮಸ್ಕತ್

ತಮ್ಮಾ, ಚಿತ್ತಾಪುರದಿಂದ ಬರೆಯುತ್ತಿದ್ದೇನೆ. ವಯಸ್ಸಿನ ಬಹುಪಾಲು ಮಸ್ಕತ್‌ನಲ್ಲಿ ಗಾಡಿ ಓಡಿಸಿದವನು ನಾನು. ಶುಕ್ರವಾರ ಬಂದರೆ ಜನರನ್ನು ಬೆಟ್ಟಕ್ಕೆ ಒಯ್ಯುವುದೇ ಕೆಲಸವಾಗಿತ್ತು. ಆಸೆ ಒಳ್ಳೆಯದು, ಅದನ್ನು ಬಿಡಬೇಡ. ಆದರೆ ಕಿಟಕಿಯಿಂದ ನೇರವಾಗಿ ಶಿಖರಕ್ಕೆ ಹಾರಬೇಡ.

ಜೆಬೆಲ್ ಶಮ್ಸ್‌ನಲ್ಲಿ ಜನ ನಡೆಯುವ ದಾರಿಗಳು ಮುಖ್ಯವಾಗಿ ಎರಡು. ಒಂದು ಡಬ್ಲ್ಯೂ6. ಅಲ್ ಖಿತಾಯಿಮ್ ಎಂಬ ಹಳ್ಳಿಯಿಂದ ಶುರುವಾಗಿ, ಕಮರಿಯ ಗೋಡೆಗೆ ಅಂಟಿಕೊಂಡೇ ಸಾಗಿ, ಜನ ಬಿಟ್ಟುಹೋದ ಅಸ್ ಸಾಬ್ ಎಂಬ ಊರಿಗೆ ಮುಟ್ಟುತ್ತದೆ. ಹೋಗಲು ನಾಲ್ಕು ಕಿಲೋಮೀಟರ್‌ಗೆ ತುಸು ಕಡಿಮೆ, ಬರಲು ಅಷ್ಟೇ. ಏರು ಬಹಳವಿಲ್ಲ. ಆದರೆ ಒಂದು ಕಡೆ ವಾದಿ ಗೂಲ್ ಕಮರಿಯ ಪ್ರಪಾತ. ತಲೆ ಸುತ್ತುವವರಿಗೆ ಅದು ಹೇಳಿದ್ದಲ್ಲ. ದಾರಿ ಅಗಲವಾಗಿದೆ, ಕಾಲು ನೆಟ್ಟಗಿಟ್ಟು ನಡೆದರೆ ಭಯವಿಲ್ಲ.

ಇನ್ನೊಂದು ಡಬ್ಲ್ಯೂ4. ಇದು ದಕ್ಷಿಣ ಶಿಖರಕ್ಕೆ ಹೋಗುವುದು, 2,997 ಮೀಟರ್. ಉತ್ತರದ ಶಿಖರ ಅದಕ್ಕಿಂತ ಸ್ವಲ್ಪ ಎತ್ತರ, ಆದರೆ ಅಲ್ಲಿ ಸೇನೆಯ ನೆಲೆ ಇದೆ, ನಮಗೆ ಪ್ರವೇಶವಿಲ್ಲ. ಡಬ್ಲ್ಯೂ4 ಹಿಡಿದರೆ ಇಡೀ ದಿನ ಬೇಕು. ಸುಮಾರು ಒಂದು ಸಾವಿರ ಮೀಟರ್ ಏರು, ಮತ್ತೆ ಅಷ್ಟೇ ಇಳಿಜಾರು. ನೆರಳು ಎಂದರೆ ಅಲ್ಲೊಂದು ಇಲ್ಲೊಂದು ಜುನಿಪರ್ ಮರ. ನೀರು ಎಲ್ಲಿಯೂ ಸಿಗುವುದಿಲ್ಲ.

ಬಂಡೆಗಳ ಮೇಲೆ ಹಳದಿ, ಬಿಳಿ, ಕೆಂಪು ಪಟ್ಟಿ ಬಳಿದಿರುತ್ತಾರೆ, ಅದೇ ದಾರಿಯ ಗುರುತು. ಎರಡು ಗುರುತುಗಳ ನಡುವೆ ಬಹಳ ಹೊತ್ತು ಏನೂ ಕಾಣದಿದ್ದರೆ ಮುಂದೆ ಹೋಗಬೇಡ, ಹಿಂದಿನ ಗುರುತಿಗೆ ಮರಳು. ಬಿಸಿಲಿಗೆ ಬಣ್ಣ ಮಾಸಿರುವ ಕಡೆಯೂ ಇದೆ.

ನನ್ನ ಮಾತು ಕೇಳುವುದಾದರೆ ಮೊದಲು ನಿನ್ನ ಕೋಣೆಯ ಪಕ್ಕದ್ದನ್ನೇ ಹತ್ತು. ರಿಯಾಮ್‌ನಿಂದ ಮತ್ರಾಕ್ಕೆ ಬೆಟ್ಟ ದಾಟುವ ಹಳೆಯ ದಾರಿ ಇದೆ, ಸಿ38 ಎನ್ನುತ್ತಾರೆ. ಎರಡೂವರೆ ಕಿಲೋಮೀಟರ್, ಎರಡು ಗಂಟೆಯ ಕೆಲಸ. ಸಮುದ್ರ ಕಾಣುತ್ತದೆ, ಪಾಳುಬಿದ್ದ ಹಳ್ಳಿ ಸಿಗುತ್ತದೆ, ಇಳಿದರೆ ಮತ್ರಾ ಪೇಟೆ. ರೂವಿಯವರಿಗೆ ಟ್ಯಾಕ್ಸಿ ಖರ್ಚೂ ಅಷ್ಟಾಗದು. ಮೊದಲ ಸಲ ಜೊತೆಗೆ ಒಬ್ಬ ಬಲ್ಲವರು ಇರಲಿ.

ತೊಗರಿ ಹೊಲ

ನಾನು ಈ ಮಾತು ಹೇಳಿದರೆ ಕೆಲವರಿಗೆ ಬೇಸರವಾಗಬಹುದು, ಆದರೂ ಹೇಳುತ್ತೇನೆ. ನಮ್ಮ ಜಿಲ್ಲೆಗಳಿಂದ ಕೊಲ್ಲಿಗೆ ಹೋಗುವವರು ದುಡಿಯಲು ಹೋಗುತ್ತಾರೆ. ಊರಿನಲ್ಲಿ ಸಾಲ ಇರುತ್ತದೆ, ತಂಗಿಯ ಮದುವೆ ಇರುತ್ತದೆ, ಕೊಳವೆಬಾವಿ ಬತ್ತಿರುತ್ತದೆ. ಅಲ್ಲಿ ಕಾಲು ಮುರಿದುಕೊಂಡು ಮಲಗಿದರೆ ಕೆಲಸ ಹೋಗುತ್ತದೆ, ಊಟ ಹಾಕುವವರು ಯಾರು? ನಮ್ಮೂರಿನ ಒಬ್ಬರು ಅಲ್ಲಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡರು. ಅದು ಬೆಟ್ಟದಲ್ಲಿ ಅಲ್ಲ, ಕಟ್ಟಡದಲ್ಲಿ. ಕಂಪನಿ ಕೈ ಎತ್ತಿತು. ಮನೆಯವರು ಪಟ್ಟ ಕಷ್ಟವನ್ನು ಕಣ್ಣಾರೆ ಕಂಡಿದ್ದೇನೆ. ಇರುವ ಒಂದು ಶುಕ್ರವಾರ ನಿದ್ದೆ ಮಾಡಿ, ಮನೆಗೆ ಫೋನ್ ಮಾಡಿ, ಬಟ್ಟೆ ಒಗೆದುಕೊಂಡರೆ ಸಾಕಲ್ಲವೇ? ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ.

ಶೋರಾಪುರದ ಹುಡುಗಿ

ಅಣ್ಣ, ನಿಮ್ಮ ಕಳಕಳಿ ನಿಜವಾದದ್ದು. ಆದರೆ ಶುಕ್ರವಾರವನ್ನು ಕೋಣೆಯಲ್ಲೇ ಕಳೆಯಿರಿ ಎನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಮಸ್ಕತ್‌ನಲ್ಲಿ ಎಂಜಿನಿಯರ್ ಆಗಿ ಕೆಲಸ ಮಾಡುತ್ತೇನೆ, ಈಗ ಸುರಪುರಕ್ಕೆ ಬಂದಿದ್ದೇನೆ. ಅಲ್ಲಿಗೆ ಹೋದ ಹೊಸದರಲ್ಲಿ ಕಚೇರಿ, ಕೋಣೆ, ಕಚೇರಿ. ವಾರವಿಡೀ ಹವಾನಿಯಂತ್ರಿತ ಗಾಳಿ. ಯಾರೊಂದಿಗೂ ಎರಡು ಮಾತು ಕನ್ನಡ ಆಡದೆ ವಾರ ಮುಗಿಯುತ್ತಿತ್ತು. ಆ ಏಕಾಂತ ಮನುಷ್ಯರನ್ನು ಒಳಗಿನಿಂದ ತಿನ್ನುತ್ತದೆ. ಎಷ್ಟೋ ಜನ ಅದನ್ನು ಮನೆಯವರ ಮುಂದೆ ಬಾಯಿಬಿಟ್ಟು ಹೇಳುವುದಿಲ್ಲ. ಬೆಟ್ಟಕ್ಕೆ ಹೋಗತೊಡಗಿದ ಮೇಲೆ ನನಗೆ ಗೆಳತಿಯರು ಸಿಕ್ಕರು. ಮಲಯಾಳಿಗಳು, ಫಿಲಿಪ್ಪೀನ್ಸಿನವರು, ಒಮಾನಿ ಹೆಣ್ಣುಮಕ್ಕಳೂ ಇದ್ದಾರೆ. ದೇಶ ಎಂದರೆ ಸಂಬಳ ಕೊಡುವ ಜಾಗ ಮಾತ್ರ ಅಲ್ಲ ಎನ್ನುವುದು ನಡೆದಾಗ ತಿಳಿಯುತ್ತದೆ.

ಹೆಣ್ಣುಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ: ಗುಂಪಿನಲ್ಲಿ ಹೋಗುವುದಕ್ಕೆ ಒಮಾನಿನಲ್ಲಿ ನನಗೆ ಎಂದೂ ಅಳುಕಾಗಿಲ್ಲ. ಮೈತುಂಬ ಹಗುರ ಹತ್ತಿ ಬಟ್ಟೆ ಹಾಕಿಕೊಳ್ಳಿ. ಅದು ಮರ್ಯಾದೆಗೂ ಸರಿ, ಬಿಸಿಲಿಗೂ ಸರಿ. ಹಳ್ಳಿಗಳ ಒಳಗೆ ಹಾದುಹೋಗುವಾಗ ತೋಟಕ್ಕೆ ನುಗ್ಗಬೇಡಿ, ಕೇಳದೆ ಯಾರ ಫೋಟೋವನ್ನೂ ತೆಗೆಯಬೇಡಿ. ಸಲಾಂ ಹೇಳಿದರೆ ಖರ್ಜೂರ, ಕಹ್ವಾ ಕೊಟ್ಟು ಕೂರಿಸಿಕೊಳ್ಳುವವರೇ ಹೆಚ್ಚು.

ಗುಡ್ಡದ ಊರು

ಯಾದಗಿರಿಯಿಂದ ಒಂದು ಮಾತು. ಈ ಬಿಸಿಲಿನ ಹೆದರಿಕೆ ಅತಿಯಾಯಿತು ಅನ್ನಿಸುತ್ತಿದೆ. ನಾವು ಮೇ ತಿಂಗಳಲ್ಲಿ ಕೋಟೆ ಬೆಟ್ಟ ಹತ್ತಿ ಇಳಿಯುವವರು. ಬರಿಗಾಲಿನಲ್ಲಿ ಮೈಲಾಪುರದ ಮಲ್ಲಯ್ಯನ ಗುಡ್ಡ ಹತ್ತುವ ಮುದುಕರಿದ್ದಾರೆ. ಚಳಿಗಾಲದಲ್ಲಿ ಒಮಾನಿನ ಬೆಟ್ಟದ ಮೇಲೆ 15 ಡಿಗ್ರಿ ಇರುತ್ತದೆ ಎಂದರೆ ನಮ್ಮವರಿಗೆ ಅದು ಹಬ್ಬ. ಸುಮ್ಮನೆ ಹುಡುಗನ ಕಾಲು ಎಳೆಯಬೇಡಿ.

ಮಾಂಜ್ರಾ

ನಾನು ಬೀದರಿನವಳು, ನರ್ಸ್. ಒಮಾನಿನ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಕೆಲಸ ಮಾಡಿದ್ದೇನೆ. ಗುಡ್ಡದ ಊರಿನ ಅಣ್ಣನವರ ಮಾತಿಗೆ ಉತ್ತರ ಕೊಡದೆ ಇರಲಾರೆ. ಏಕೆಂದರೆ ಅಲ್ಲಿಗೆ ಬಿಸಿಲು ಬಡಿದು ಬರುತ್ತಿದ್ದವರಲ್ಲಿ "ನನಗೆ ಬಿಸಿಲು ಹೊಸದಲ್ಲ" ಎಂದುಕೊಂಡೇ ಹೊರಟ ನಮ್ಮ ದೇಶದವರು ಇರುತ್ತಿದ್ದರು.

ಬಿಸಿಲಿಗೆ ದೇಹ ಒಗ್ಗುತ್ತದೆ, ಅದು ನಿಜ. ದಿನವೂ ಬಿಸಿಲಲ್ಲಿ ದುಡಿದರೆ ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಬೆವರು ಬೇಗ ಬರತೊಡಗುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆ ಹೋಗುತ್ತದೆ, ರಕ್ತದ ಪ್ರಮಾಣ ಹೆಚ್ಚಿ ಹೃದಯದ ಮೇಲಿನ ಹೊರೆ ಇಳಿಯುತ್ತದೆ. ಆದರೆ ಇದು ಹುಟ್ಟಿನಿಂದ ಬಂದ ಆಸ್ತಿಯಲ್ಲ. ಬಿಸಿಲು ಬಿಟ್ಟು ತಂಪು ಕೋಣೆಯಲ್ಲಿ ಕೆಲವು ವಾರ ಕಳೆದರೆ ಆ ಶಕ್ತಿ ಇಳಿದುಹೋಗುತ್ತದೆ. ಮಸ್ಕತ್‌ನಲ್ಲಿ ಲೆಕ್ಕಪತ್ರ ಬರೆಯುವವರ ಮನೆ, ಕಚೇರಿ, ಗಾಡಿ ಮೂರೂ ತಂಪು. ಕಾಗಿಣಾ ದಂಡೆಯವರ ದೇಹದಲ್ಲಿ ಸೇಡಂ ಬಿಸಿಲು ಈಗ ಉಳಿದಿಲ್ಲ. ದಸರೆ ರಜೆಯ ಒಂದೆರಡು ವಾರ ಅದನ್ನು ಮರಳಿ ತಾರದು.

ಎರಡನೆಯದು, ನಮ್ಮದು ಒಣ ಬಿಸಿಲು. ಕಲಬುರಗಿಯ ಮೇ ತಿಂಗಳಲ್ಲಿ ಬೆವರು ಬಂದ ಕೂಡಲೇ ಆರುತ್ತದೆ. ಆರುವಾಗಲೇ ಮೈ ತಂಪಾಗುವುದು. ಮಸ್ಕತ್ ಸಮುದ್ರದ ದಂಡೆ. ಬೇಸಿಗೆಯಲ್ಲಿ ಗಾಳಿಯಲ್ಲಿ ತೇವ ತುಂಬಿರುತ್ತದೆ, ಬೆವರು ಸುರಿಯುತ್ತದೆ, ಆರುವುದಿಲ್ಲ. ರಾತ್ರಿಯೂ ಬಿಡುವಿಲ್ಲ. 2018ರ ಜೂನ್‌ನಲ್ಲಿ ಮಸ್ಕತ್ ಬಳಿಯ ಕುರಯ್ಯಾತ್‌ನಲ್ಲಿ ಇಡೀ ರಾತ್ರಿ ಉಷ್ಣಾಂಶ 42.6 ಡಿಗ್ರಿಗಿಂತ ಕೆಳಗೆ ಇಳಿಯಲಿಲ್ಲ. ನಮ್ಮಲ್ಲಿ ಹಗಲು ಎಷ್ಟೇ ಉರಿದರೂ ಮಾಳಿಗೆಯ ಮೇಲೆ ಹಾಸಿಗೆ ಹಾಸಿದರೆ ಬೆಳಗಿನ ಜಾವಕ್ಕೆ ಗಾಳಿ ಬರುತ್ತದೆ. ಆ ದೇಶದ ಕಾನೂನೇ ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರ ತನಕ ಬಯಲಿನ ಕೆಲಸವನ್ನು ನಿಷೇಧಿಸಿದೆ.

ಮೂರನೆಯದನ್ನು ಜನ ಮರೆಯುತ್ತಾರೆ. ಬೆಟ್ಟ ಹತ್ತುವಾಗ ಶಾಖ ಹೊರಗಿನಿಂದ ಮಾತ್ರ ಬರುವುದಿಲ್ಲ, ಸ್ನಾಯುಗಳಲ್ಲೇ ಹುಟ್ಟುತ್ತದೆ. ಮೇಲಿಂದ ಆ ಕಂದು ಕಲ್ಲುಗಳು ಬಿಸಿಲು ಹೀರಿಕೊಂಡು ಮರಳಿ ಉಗುಳುತ್ತವೆ. ಹೀಗಾಗಿ ಅಕ್ಟೋಬರ್‌ನಲ್ಲೂ ಕೆಳಗಿನ ಬೆಟ್ಟಗಳನ್ನು ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಬೇಕು. ಎತ್ತರಕ್ಕೆ ಹೋದಂತೆ ಪ್ರತಿ ಸಾವಿರ ಮೀಟರ್‌ಗೆ ಆರೇಳು ಡಿಗ್ರಿ ಇಳಿಯುತ್ತದೆ, ಅದಕ್ಕೇ ಜೆಬೆಲ್ ಶಮ್ಸ್ ಮೇಲೆ ತಂಪು. ಆದರೆ ಅಲ್ಲಿ ಬಿಸಿಲಿನ ಕಿರಣ ಇನ್ನೂ ಚುರುಕು. ತಂಪು ಗಾಳಿಯಲ್ಲಿ ಬಾಯಾರಿಕೆಯೇ ತಿಳಿಯುವುದಿಲ್ಲ, ನೀರು ಕುಡಿಯುವುದು ಮರೆಯುತ್ತದೆ.

ಜೊತೆಗಿರುವವರು ಎಡವತೊಡಗಿದರೆ, ಕೇಳಿದ್ದಕ್ಕೆ ತೊದಲುತ್ತಾ ಸಂಬಂಧವಿಲ್ಲದ ಉತ್ತರ ಕೊಟ್ಟರೆ, ಮೈ ಕೆಂಡವಾಗಿದ್ದರೆ, ಅದು ದಣಿವಲ್ಲ, ಪ್ರಾಣಾಪಾಯ. ಬೆವರುತ್ತಿದ್ದಾರಲ್ಲ ಎಂದು ಸುಮ್ಮನಾಗಬೇಡಿ. ನೆರಳು ಮಾಡಿ, ಬಟ್ಟೆ ಸಡಿಲಿಸಿ, ಇರುವ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಹಾಕಿ, 9999ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಗುಡ್ಡದ ಊರು

ಅಕ್ಕಾವರೇ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಉಪಕಾರವಾಯಿತು. ತಂಪು ಕೋಣೆಯ ಮಾತು ನನ್ನ ಲೆಕ್ಕದಲ್ಲಿ ಇರಲಿಲ್ಲ. ಕಾಲಿನ ಅಭ್ಯಾಸದ ಬಗ್ಗೆ ಮಾತ್ರ ನಾನು ಬಲ್ಲದ್ದನ್ನು ಹೇಳುತ್ತೇನೆ, ಅದಾದರೂ ಹುಡುಗನಿಗೆ ಉಪಯೋಗವಾಗಲಿ.

ಕಲಬುರಗಿಯಲ್ಲಿ ಅಪ್ಪನ ಕೆರೆ ಸುತ್ತಿದರೆ ಉಸಿರು ಪಳಗಬಹುದು, ಮೊಣಕಾಲು ಪಳಗುವುದಿಲ್ಲ. ಬೆಳಗಿನ ರೈಲು ಹಿಡಿದು ಯಾದಗಿರಿಗೆ ಬನ್ನಿ. ಕೋಟೆ ಬೆಟ್ಟ ಊರ ನಡುವೆಯೇ ಇದೆ. ಅಖಂಡ ಗ್ರಾನೈಟ್ ಬಂಡೆ, ಸುತ್ತು ಸುತ್ತಾಗಿ ಕೋಟೆ ಗೋಡೆ, ಮೇಲೆ ನೀರಿನ ಹೊಂಡಗಳು. ಬೆನ್ನಿಗೆ ನಾಲ್ಕು ಲೀಟರ್ ನೀರು ಹೊತ್ತು ಹತ್ತಿ ಇಳಿಯಿರಿ, ಮತ್ತೆ ಹತ್ತಿ. ಇಳಿಯುವಾಗ ಅವಸರ ಬೇಡ, ಅಲ್ಲಿಯೇ ತೊಡೆ ಗಟ್ಟಿಯಾಗುವುದು. ಸಮಯವಿದ್ದರೆ ಶಹಾಪುರಕ್ಕೂ ಹೋಗಿ. ರಸ್ತೆಯಿಂದ ನೋಡಿದರೆ ಬುದ್ಧ ಮಲಗಿದಂತೆ ಕಾಣುವ ಆ ಬೆಟ್ಟಸಾಲಿನಲ್ಲಿ ಉರುಳುಬಂಡೆಗಳ ಮೇಲೆ ಕಾಲಿಟ್ಟು ನಡೆಯುವ ರೂಢಿ ಆಗುತ್ತದೆ. ಚಿಂಚೋಳಿ ಕಡೆಯವರಾದರೆ ಚಂದ್ರಂಪಳ್ಳಿ ಜಲಾಶಯದ ಸುತ್ತಲಿನ ಗುಡ್ಡಗಳಿವೆ. ವನ್ಯಜೀವಿಧಾಮವಾದ್ದರಿಂದ ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಹೋಗಬೇಕು. ಸೇಡಂನಿಂದ ಅದು ಹತ್ತಿರ.

ಶಹಾಬಾದಿ ಫರಸಿ

ಕಲಬುರಗಿಯಲ್ಲಿ ಭೂವಿಜ್ಞಾನ ಕಲಿಸುವವನು ನಾನು. ಬೆಟ್ಟದ ಕಲ್ಲಿನ ಮಾತು ಬಂದಿದೆ, ಸುಮ್ಮನಿರಲಾಗುತ್ತಿಲ್ಲ.

ಯಾದಗಿರಿಯ ಗ್ರಾನೈಟ್ ಮೇಲೆ ಕಾಲು ಒಳ್ಳೆಯ ಹಿಡಿತ ಪಡೆಯುತ್ತದೆ. ಮಸ್ಕತ್ ಸುತ್ತಲಿನ ಕಂದು ಬೆಟ್ಟ ಹಾಗಲ್ಲ. ಅದು ಸಮುದ್ರತಳದ ಕೆಳಗಿದ್ದ ಕಲ್ಲು. ಸುಮಾರು ಒಂಬತ್ತೂವರೆ ಕೋಟಿ ವರ್ಷಗಳ ಹಿಂದೆ ಹುಟ್ಟಿದ ಸಾಗರತಳದ ಭೂಕವಚ ಮತ್ತು ಅದರ ಕೆಳಗಿನ ಮ್ಯಾಂಟಲ್ ಪದರದ ತುಂಡು, ಭೂಫಲಕಗಳ ಒತ್ತಡಕ್ಕೆ ಅರೇಬಿಯಾದ ನೆಲದ ಮೇಲೆ ಹತ್ತಿ ಕುಳಿತಿದೆ. ಸಮಾಯಿಲ್ ಓಫಿಯೊಲೈಟ್ ಎಂದು ಅದಕ್ಕೆ ಹೆಸರು. ಇಷ್ಟು ದೊಡ್ಡದಾಗಿ, ಇಷ್ಟು ಬೆತ್ತಲೆಯಾಗಿ ಇಂಥದ್ದು ಕಾಣಸಿಗುವ ಜಾಗ ಭೂಮಿಯ ಮೇಲೆ ಬಹಳ ಅಪರೂಪ. ನನ್ನಂಥವರು ಜೀವಮಾನದಲ್ಲಿ ಒಮ್ಮೆ ಮುಟ್ಟಬೇಕೆಂದು ಹಂಬಲಿಸುವ ಕಲ್ಲನ್ನು ನೀವು ರೂವಿಯ ಬೀದಿಯಲ್ಲಿ ನಿಂತು ನೋಡುತ್ತೀರಿ. ನಡೆಯುವವರಿಗೆ ಬೇಕಾದ ಸಂಗತಿ ಎಂದರೆ, ಅದು ಒಡೆದು ಚೂರಾಗುವ ಕಲ್ಲು. ಇಳಿಜಾರಿನಲ್ಲಿ ಕಾಲ ಕೆಳಗೆ ಜಾರುತ್ತದೆ, ಅಂಚು ಹರಿತ. ಚಪ್ಪಲಿಯಲ್ಲಂತೂ ಬೇಡವೇ ಬೇಡ.

ಜೆಬೆಲ್ ಶಮ್ಸ್‌ನದು ಬೇರೆ ಕತೆ. ಅದು ಸುಣ್ಣದ ಕಲ್ಲು, ಆಳವಿಲ್ಲದ ಬೆಚ್ಚನೆಯ ಸಮುದ್ರದಲ್ಲಿ ಪದರ ಪದರವಾಗಿ ಕೂತದ್ದು. ಕಮರಿಯ ಗೋಡೆಯಲ್ಲಿ ಆ ಪದರಗಳನ್ನು ಬರಿಗಣ್ಣಿನಿಂದ ಎಣಿಸಬಹುದು. ಕೆಲವು ಬಂಡೆಗಳಲ್ಲಿ ಚಿಪ್ಪುಗಳ ಅಚ್ಚು ಸಿಗುತ್ತದೆ. ಸೇಡಂ, ವಾಡಿ, ಶಹಾಬಾದದ ಕಲ್ಲೂ ಸುಣ್ಣದ ಕಲ್ಲೇ, ಅದೂ ಸಮುದ್ರದಲ್ಲೇ ಕೂತದ್ದು. ಆದರೆ ಭೀಮಾ ಕಣಿವೆಯ ನಮ್ಮ ಕಲ್ಲು ಅದಕ್ಕಿಂತ ಎಷ್ಟೋ ಕೋಟಿ ವರ್ಷ ಹಳೆಯದು, ಚಿಪ್ಪುಳ್ಳ ಜೀವಿಗಳು ಇನ್ನೂ ಹುಟ್ಟಿರದ ಕಾಲದ್ದು. ನಿಮ್ಮ ಮನೆಯ ಅಂಗಳದ ಫರಸಿಯಲ್ಲಿ ಶಂಖವನ್ನು ಹುಡುಕಿದರೆ ಸಿಗುವುದಿಲ್ಲ, ಮೂರು ಸಾವಿರ ಮೀಟರ್ ಎತ್ತರದ ಬೆಟ್ಟದಲ್ಲಿ ಸಿಗುತ್ತದೆ! ಅಚ್ಚು ಕಂಡರೆ ಕೀಳದೆ ಅಲ್ಲಿಯೇ ಬಿಡಿ, ಒಂದು ಫೋಟೋ ಕಳಿಸಿ. ನನ್ನ ವಿದ್ಯಾರ್ಥಿಗಳಿಗೆ ತೋರಿಸುತ್ತೇನೆ.

ಕಾಗಿಣಾ ದಂಡೆ

ಸರ್, ಖಂಡಿತ ಕಳಿಸುತ್ತೇನೆ. ನನ್ನಪ್ಪ ಫರಸಿ ಗಣಿಯಲ್ಲಿ ಕೆಲಸ ಮಾಡಿದವರು. ನೀವು ಬರೆದದ್ದನ್ನು ಅವರಿಗೆ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡರು.

ತೊಗರಿ ಹೊಲದ ಅಣ್ಣನವರ ಮಾತೂ ಮನಸ್ಸಿನಲ್ಲಿ ಉಳಿದಿದೆ. ಪೆಟ್ಟಾದರೆ ಖರ್ಚು ಯಾರದು ಎನ್ನುವುದನ್ನು ನಾನು ವಿಚಾರಿಸಿರಲಿಲ್ಲ. ಇದರ ಬಗ್ಗೆ ಬಲ್ಲವರು ಹೇಳಿ.

ಮಾಂಜ್ರಾ

ಕಂಪನಿಯ ಆರೋಗ್ಯ ವಿಮೆಯ ಕಾಗದವನ್ನು ತೆಗೆದು ಓದಿ. ಕೆಲಸದ ಹೊರಗಿನ ಅಪಘಾತಕ್ಕೆ ಹಣ ಕೊಡುತ್ತದೆಯೇ, ಬೆಟ್ಟ ಹತ್ತುವಂಥ ಚಟುವಟಿಕೆಯನ್ನು ಹೊರಗಿಟ್ಟಿದೆಯೇ ನೋಡಿ. ತಿಳಿಯದಿದ್ದರೆ ಕಚೇರಿಯ ಸಿಬ್ಬಂದಿ ವಿಭಾಗಕ್ಕೆ ಬರೆದು ಕೇಳಿ, ಉತ್ತರವನ್ನು ಬರಹದಲ್ಲಿಯೇ ಪಡೆಯಿರಿ.

ಹತ್ತನೆಯ ತರಗತಿ ದಾಟದೆ ಕೊಲ್ಲಿಗೆ ಹೋದ ನಮ್ಮ ಅಣ್ಣತಮ್ಮಂದಿರಿಗೆ ಇನ್ನೊಂದಿದೆ. ವಲಸೆ ತಪಾಸಣೆ ಅಗತ್ಯವಿರುವ ಪಾಸ್‌ಪೋರ್ಟ್‌ನವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಅಪಘಾತದಲ್ಲಿ ಮರಣ ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಹಣ ಕಟ್ಟಿಸಿಕೊಂಡು ಕಾಗದ ಕೊಡದ ದಲ್ಲಾಳಿಗಳಿದ್ದಾರೆ. ಪಾಲಿಸಿಯ ಪ್ರತಿಯನ್ನು ಕೇಳಿ ಪಡೆದು ಮನೆಯಲ್ಲೂ ಒಂದನ್ನು ಇಡಿ.

ತೊಗರಿ ಹೊಲ

ಈ ಕೊನೆಯ ಮಾತು ಎಲ್ಲ ಹಳ್ಳಿಗಳಿಗೂ ಮುಟ್ಟಬೇಕು. ನಾನು ಹೇಳಿದ ಮನೆಯವರ ಬಳಿ ಅಂಥ ಕಾಗದವೇ ಇರಲಿಲ್ಲ. ಹುಡುಗ ಬೆಟ್ಟಕ್ಕೆ ಹೋಗುವುದಕ್ಕೆ ನನ್ನ ಮನಸ್ಸು ಈಗಲೂ ಪೂರ್ತಿ ಒಪ್ಪಿಲ್ಲ. ಆದರೆ ಹೋಗುವುದಾದರೆ ವಿಮೆ ನೋಡಿಕೊಂಡು, ಜೊತೆಗಾರರೊಂದಿಗೆ ಹೋಗಲಿ. ಒಬ್ಬನೇ ಹೋಗುವುದನ್ನಂತೂ ಕೈಬಿಡಬೇಕು.

ನೌಬಾದಿನ ಸುರಂಗ ಬಾವಿ

ಬೀದರಿನಿಂದ ನನ್ನದೊಂದು ಕೋರಿಕೆ. ಬೆಟ್ಟಕ್ಕೆ ಹೋಗುವವರು ದಾರಿಯಲ್ಲಿ ನಿಜ್ವಾದಲ್ಲಿ ಇಳಿದು ಫಲಜ್ ದಾರಿಸ್ ನೋಡಿಕೊಂಡು ಹೋಗಿ. ಬೆಟ್ಟದ ಬುಡದ ಅಂತರ್ಜಲವನ್ನು ನೆಲದೊಳಗಿನ ಸುರಂಗದಲ್ಲಿ, ಬರೀ ಇಳಿಜಾರಿನ ಬಲದಿಂದ, ಊರಿಗೂ ಖರ್ಜೂರದ ತೋಟಕ್ಕೂ ತರುವ ವ್ಯವಸ್ಥೆ ಅದು. 2006ರಲ್ಲಿ ಯುನೆಸ್ಕೊ ಇಂಥ ಐದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ದಾರಿಸ್ ಅವುಗಳಲ್ಲೊಂದು. ಇನ್ನೊಂದಾದ ಅಲ್ ಖತ್ಮೀನ್, ಜೆಬೆಲ್ ಅಖ್ದರ್ ಬೆಟ್ಟದ ರಸ್ತೆ ಶುರುವಾಗುವ ಬಿರ್ಕತ್ ಅಲ್ ಮೌಜ್‌ನಲ್ಲಿದೆ. ಒಮಾನಿನಲ್ಲಿ ಮೂರು ಸಾವಿರದಷ್ಟು ಫಲಜ್‌ಗಳಲ್ಲಿ ಇಂದಿಗೂ ನೀರು ಹರಿಯುತ್ತಿದೆ. ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಎನ್ನುವುದನ್ನು ಊರವರೇ ಸರದಿ ಹಾಕಿ ಹಂಚಿಕೊಳ್ಳುತ್ತಾರೆ. ಹಿಂದೆ ಹಗಲು ನೆರಳು ಅಳೆದು, ರಾತ್ರಿ ನಕ್ಷತ್ರ ನೋಡಿ ಹೊತ್ತು ಗೊತ್ತುಮಾಡುತ್ತಿದ್ದರು.

ಇದನ್ನು ನಾನು ಹೇಳುತ್ತಿರುವುದಕ್ಕೆ ಕಾರಣವಿದೆ. ಅದೇ ವಿದ್ಯೆ ಬಹಮನಿ ಅರಸರ ಕಾಲದಲ್ಲಿ ಪರ್ಷಿಯಾದ ಕಡೆಯಿಂದ ಬೀದರಿಗೆ ಬಂತು. ನೌಬಾದಿನ ಕರೇಜ್, ಅಂದರೆ ಸುರಂಗ ಬಾವಿ, ಆಗ ಕೊರೆದದ್ದು. ನಮ್ಮ ಪ್ರಸ್ಥಭೂಮಿಯ ಮೇಲೆ ಕೆಂಪು ಜಂಬಿಟ್ಟಿಗೆ ಕಲ್ಲು, ಅದರ ಕೆಳಗೆ ಕರಿ ಕಲ್ಲು. ಮಳೆ ನೀರು ಜಂಬಿಟ್ಟಿಗೆಯಲ್ಲಿ ಇಂಗುತ್ತದೆ, ಕರಿ ಕಲ್ಲಿಗೆ ಬಂದು ತಡೆಯುತ್ತದೆ. ಅವೆರಡು ಸೇರುವಲ್ಲಿ ಊಟೆ. ನರಸಿಂಹ ಝರಣಿಯ ನೀರಿನ ಗುಟ್ಟೂ ಇದೇ. ಬಹಳ ಕಾಲ ಆ ಸುರಂಗದಲ್ಲಿ ಹೂಳು ತುಂಬಿತ್ತು, ಗಾಳಿಗುಂಡಿಗಳ ಮೇಲೆ ಮನೆ, ರಸ್ತೆ ಬಂದವು. ಇತ್ತೀಚೆಗೆ ಹೂಳೆತ್ತುವ ಕೆಲಸ ನಡೆದು ನೀರು ಕಂಡಿತು. ಇಡೀ ಊರು ನೋಡಲು ಬಂದಿತ್ತು. ಒಮಾನಿನವರು ಅದನ್ನು ಬಳಕೆಯಲ್ಲಿ ಉಳಿಸಿಕೊಂಡ ಬಗೆಯನ್ನು ನಮ್ಮ ಮಕ್ಕಳು ಕಣ್ಣಾರೆ ಕಂಡು ಬಂದು ಇಲ್ಲಿ ಹೇಳಬೇಕು ಎನ್ನುವುದು ನನ್ನ ಆಸೆ. ಜನ ಕುಡಿಯುವ ನೀರು ಅದು, ಕಾಲುವೆಯಲ್ಲಿ ಸೋಪು ಹಾಕಿ ಕೈಕಾಲು ತೊಳೆಯಬೇಡಿ.

ಶೋರಾಪುರದ ಹುಡುಗಿ

ಮಿಸ್ಫಾ ಎಂಬ ಹಳ್ಳಿಯನ್ನೂ ಸೇರಿಸಿಕೊಳ್ಳಿ, ಬೆಟ್ಟದ ಬುಡದ ಅಲ್ ಹಮ್ರಾ ಊರಿನಿಂದ ಹತ್ತಿರ. ಫಲಜ್ ಕಾಲುವೆಯ ಅಂಚಿನಲ್ಲೇ ನಡೆಯುವ ದಾರಿ, ಎರಡೂ ಕಡೆ ಬಾಳೆ, ಖರ್ಜೂರ. ಮೊದಲ ಸಲ ಅಲ್ಲಿ ನೆರಳಿನಲ್ಲಿ ಕೂತಾಗ ಮನೆಯ ನೆನಪಿನಿಂದ ಕಣ್ಣು ತುಂಬಿತ್ತು.

ಹಳೆಯ ಮಸ್ಕತ್

ಯಾರೂ ನೀರಿನ ಇನ್ನೊಂದು ಮುಖವನ್ನು ಹೇಳಲಿಲ್ಲ, ನಾನು ಹೇಳುತ್ತೇನೆ. ಬೆಟ್ಟದ ದಾರಿಗಳೆಲ್ಲ ಎಲ್ಲೋ ಒಂದು ಕಡೆ ವಾದಿಯನ್ನು, ಅಂದರೆ ಒಣ ಹಳ್ಳವನ್ನು ದಾಟುತ್ತವೆ. ನಮಗೆ ಪ್ರವಾಹ ಎಂದರೆ ಭೀಮೆ. 2020ರ ಅಕ್ಟೋಬರ್‌ನಲ್ಲಿ ಅದು ಉಕ್ಕಿದಾಗ ಉಜನಿ ಅಣೆಕಟ್ಟೆಯಿಂದ ಎಷ್ಟು ನೀರು ಬಿಟ್ಟರು, ಸೊನ್ನ ಬ್ಯಾರೇಜ್‌ಗೆ ಎಷ್ಟು ಬಂತು ಎಂಬ ಸುದ್ದಿ ಮೊದಲೇ ಸಿಗುತ್ತಿತ್ತು. ಊರು ಮುಳುಗಿತು, ಆದರೆ ಓಡಿಹೋಗಲು ಹೊತ್ತಿತ್ತು. ವಾದಿಯಲ್ಲಿ ಆ ಹೊತ್ತು ಇರುವುದಿಲ್ಲ. ಬೆಟ್ಟದ ಬೋಳು ಕಲ್ಲು ಜೋರು ಮಳೆಯನ್ನು ಹೀರಿಕೊಳ್ಳಲಾರದು; ಬಿದ್ದ ಮಳೆಯ ಬಹುಪಾಲು ಬೇಗನೆ ಹಳ್ಳಕ್ಕೆ ಇಳಿಯುತ್ತದೆ. ನೀನು ನಿಂತ ಕಡೆ ಬಿಸಿಲಿರುತ್ತದೆ, ಮೇಲೆ ಎಲ್ಲೋ ಮಳೆಯಾಗಿರುತ್ತದೆ. 2024ರ ಏಪ್ರಿಲ್‌ನಲ್ಲಿ ಅಲ್ ಮುದೈಬಿ ಕಡೆ ಶಾಲೆಯ ಮಕ್ಕಳಿದ್ದ ವಾಹನವೇ ಕೊಚ್ಚಿಹೋಯಿತು. ಆ ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಹವಾಮಾನ ಇಲಾಖೆ ಮಳೆ ಎಂದರೆ ಆ ವಾರ ಬೆಟ್ಟ ಬೇಡ. ಎಷ್ಟೇ ಹಣ ಕೊಟ್ಟು ಗಾಡಿ ಗೊತ್ತುಮಾಡಿದ್ದರೂ ಬೇಡ. ಹಳ್ಳದ ತಳದಲ್ಲಿ ಡೇರೆ ಹಾಕಬೇಡ, ಮರಳು ಮೆತ್ತಗಿದೆ ಎಂದು ಮಲಗಬೇಡ. ಹರಿಯುವ ನೀರಿಗೆ ಗಾಡಿ ಇಳಿಸುವವರ ಜೊತೆ ಕೂತಿದ್ದರೆ ಬಾಗಿಲು ತೆಗೆದು ಇಳಿದುಬಿಡು. ಕೋಪ ಮಾಡಿಕೊಂಡರೆ ಮಾಡಿಕೊಳ್ಳಲಿ.

ಕಾಗಿಣಾ ದಂಡೆ

ಕಾಕಾ, ಇದನ್ನು ಮರೆಯುವುದಿಲ್ಲ.

ಇವತ್ತು ಅವ್ವನ ಜೊತೆ ಕೂತು ಈ ಮಾತುಕತೆಯನ್ನೆಲ್ಲ ಓದಿದೆ. ಅವ್ವ ಯುಗಾದಿಯ ಮುಂಚೆ ಊರಿನವರ ಜೊತೆ ಶ್ರೀಶೈಲಕ್ಕೆ ಪಾದಯಾತ್ರೆ ಮಾಡಿದವಳು. ಆತ್ಮಕೂರು ದಾಟಿ ನಲ್ಲಮಲ ಕಾಡು ಹೊಕ್ಕು, ನಾಗಲೂಟಿ, ಪೆಚ್ಚೆರುವು, ಭೀಮನ ಕೊಳ್ಳ, ಅಲ್ಲಿಂದ ಕೈಲಾಸ ಬಾಗಿಲು. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಬೆಳಗಿನ ನಾಲ್ಕಕ್ಕೆ ನಡಿಗೆ ಶುರುಮಾಡಬೇಕು, ಹೊತ್ತು ಏರಿದರೆ ಮರದ ಕೆಳಗೆ ಕೂತುಬಿಡಬೇಕು. ಬಾಯಾರಿಕೆ ಆಗುವ ಮೊದಲೇ ಒಂದೊಂದು ಗುಟುಕು ಕುಡಿಯಬೇಕು. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಮುಂದಿರಬೇಕು, ಅವರ ಹಿಂದೆ ಉಳಿದವರು." ಮಾಂಜ್ರಾ ಅಕ್ಕನವರು ಬರೆದದ್ದಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಮೂರು ಸಾವಿರ ಮೀಟರ್ ಎಂದಾಗ ಹೌಹಾರಿದವಳು, ಸಿ38 ಎರಡು ಗಂಟೆಯ ದಾರಿ ಎಂದಾಗ ಸುಮ್ಮನಾದಳು.

ನಾನು ಹೀಗೆ ಮಾಡುತ್ತೇನೆ. ಈ ಭಾನುವಾರ ಯಾದಗಿರಿ ಕೋಟೆ. ಮಸ್ಕತ್‌ಗೆ ಹೋದ ಮೇಲೆ ಸಿ38ನ್ನು ಚೆನ್ನಾಗಿ ರೂಢಿ ಮಾಡಿಕೊಳ್ಳುತ್ತೇನೆ. ಡಿಸೆಂಬರ್‌ನಲ್ಲಿ ಡಬ್ಲ್ಯೂ6. ಕಾಲೂ ಉಸಿರೂ ಒಪ್ಪಿದರೆ ಜನವರಿ ಕೊನೆಗೆ ಬಲ್ಲವರ ಜೊತೆ ಡಬ್ಲ್ಯೂ4. ಒಪ್ಪದಿದ್ದರೆ ಮುಂದಿನ ಚಳಿಗಾಲ. ಶಿಖರಕ್ಕೆ ಎಷ್ಟು ನೀರು ಬೇಕು, ಊಟಕ್ಕೆ ಏನು ಒಯ್ಯಬೇಕು?

ಮಾಂಜ್ರಾ

ಡಬ್ಲ್ಯೂ4ಕ್ಕೆ ತಲೆಗೆ ನಾಲ್ಕರಿಂದ ಐದು ಲೀಟರ್. ಬರೀ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದಲ್ಲಿ ಉಪ್ಪು ಕಡಿಮೆಯಾಗಿ ತಲೆನೋವು, ವಾಂತಿ ಶುರುವಾಗಬಹುದು. ಅದರಲ್ಲಿ ಒಂದು ಲೀಟರ್‌ಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಇಟ್ಟುಕೊಳ್ಳಿ. ಟೀ ಚಮಚದ ಅಳತೆ. ನಿಂಬೆ ಹಿಂಡಿದರೆ ಕುಡಿಯಲು ಹಿತ. ರಕ್ತದೊತ್ತಡಕ್ಕೆ ಗುಳಿಗೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.

ಊಟಕ್ಕೆ ನಮ್ಮ ಖಡಕ್ ರೊಟ್ಟಿ, ಶೇಂಗಾ ಹಿಂಡಿಗಿಂತ ಒಳ್ಳೆಯದು ಬೇಕೇ? ಹಗುರ, ಕೆಡುವುದಿಲ್ಲ, ಉಪ್ಪೂ ಎಣ್ಣೆಯೂ ಹೊಟ್ಟೆಗೆ ಸೇರುತ್ತದೆ. ಅಲ್ಲಿನ ಖರ್ಜೂರ ಜೊತೆಗಿರಲಿ. ನಾನು ಶೇಂಗಾ ಹೋಳಿಗೆಯನ್ನೂ ಒಯ್ಯುತ್ತಿದ್ದೆ.

ಹಳೆಯ ಮಸ್ಕತ್

ಸ್ವೆಟರ್ ಮರೆಯಬೇಡ. ಜನವರಿಯ ರಾತ್ರಿ ಮೇಲೆ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಗಾಡಿ ನಾಲ್ಕೂ ಚಕ್ರಕ್ಕೆ ಎಳೆತ ಇರುವುದೇ ಇರಲಿ, ಅಲ್ ಹಮ್ರಾದಲ್ಲಿ ಪೆಟ್ರೋಲ್ ತುಂಬಿಸಿಕೊಳ್ಳಿ. ಮೊಬೈಲ್ ಸಿಗ್ನಲ್ ಎಲ್ಲ ಕಡೆ ಇರುವುದಿಲ್ಲ, ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೋ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎನ್ನುವುದನ್ನು ಕೋಣೆಯಲ್ಲಿ ಒಬ್ಬರಿಗೆ ಬರೆದುಕೊಟ್ಟು ಹೋಗು. ಮಧ್ಯಾಹ್ನ ಹನ್ನೆರಡಾದರೂ ಶಿಖರ ಮುಟ್ಟದಿದ್ದರೆ ಅಲ್ಲಿಂದಲೇ ತಿರುಗು. ಜನವರಿಯಲ್ಲಿ ಕತ್ತಲೆ ಬೇಗ ಬೀಳುತ್ತದೆ.

ಶೋರಾಪುರದ ಹುಡುಗಿ

ಸಿ38ಕ್ಕೆ ನಾನೂ ಬರುತ್ತೇನೆ, ಇಬ್ಬರು ಗೆಳತಿಯರನ್ನೂ ಕರೆತರುತ್ತೇನೆ. ದಾರಿ ನನಗೆ ಗೊತ್ತು. ಮತ್ರಾ ಕಡೆ ಇಳಿಯುವಲ್ಲಿ ಒಂದೆರಡು ಬಂಡೆ ನುಣುಪಾಗಿವೆ, ಅಲ್ಲಿ ಕೂತು ಇಳಿದರೂ ನಾಚಿಕೆಯಿಲ್ಲ.

ಕಾಗಿಣಾ ದಂಡೆ

ಹಾಗಾದರೆ ನಿಗದಿ ಮಾಡಿಬಿಡುತ್ತೇನೆ. ನವೆಂಬರ್‌ನ ಮೊದಲ ಶುಕ್ರವಾರ, ಬೆಳಿಗ್ಗೆ ಐದೂವರೆ, ರಿಯಾಮ್ ಉದ್ಯಾನದಲ್ಲಿ ಧೂಪದಾನಿಯ ಆಕಾರದ ಆ ದೊಡ್ಡ ಕಟ್ಟಡ ಕಾಣುವ ಕಡೆಯ ಬಾಗಿಲಲ್ಲಿ ಸೇರೋಣ. ರೂವಿ, ಮತ್ರಾ, ವಾದಿ ಕಬೀರ್ ಕಡೆಯ ಕಲಬುರಗಿ, ಬೀದರ್, ಯಾದಗಿರಿಯವರು ಯಾರು ಬೇಕಾದರೂ ಬರಬಹುದು. ಶೂ ಇರಲಿ, ಟೊಪ್ಪಿಗೆ ಇರಲಿ, ತಲೆಗೆ ಎರಡು ಲೀಟರ್ ನೀರು ಕಡ್ಡಾಯ. ಖಡಕ್ ರೊಟ್ಟಿಯ ಹೊಣೆ ಅವ್ವನದು, ಈಗಲೇ ಬಡಿಯಲು ಕೂತಿದ್ದಾಳೆ. ಎಷ್ಟು ಜನ ಎನ್ನುವುದನ್ನು ಬುಧವಾರದೊಳಗೆ ಇಲ್ಲಿ ಬರೆಯಿರಿ.